ಸಂಗೀತಕ್ಕೆ ಭಾಷೆ ಇದೆ!

"ಸಂಗೀತಕ್ಕೆ ಭಾಷೆ ಇಲ್ಲ" ಅನ್ನೋ ಮಾತನ್ನು ನಮ್ಮ ಕಾಲೇಜಿನ ಪ್ರತಿ ಫೆಸ್ಟ್‌ನಲ್ಲೂ ಯಾರಾದರೂ ಒಬ್ಬರು ಮೈಕ್ ಹಿಡಿದು ಹೇಳಿಯೇ ಹೇಳ್ತಾರೆ. ಚಪ್ಪಾಳೆಯೂ ಬೀಳತ್ತೆ. ಕೊಳಲು, ವೀಣೆ, ಗಿಟಾರಿನ ವಿಷಯದಲ್ಲಿ ಈ ಮಾತು ಸರಿ ಇರಬಹುದು. ಹಾಡಿನ ವಿಷಯದಲ್ಲಿ ಮಾತ್ರ ನಾನು ಒಪ್ಪಲ್ಲ. ಹಾಡಿಗೆ ಭಾಷೆ ಇದೆ. ಅದನ್ನು ಪಕ್ಕಕ್ಕಿಟ್ಟು ಕೇಳಿದರೆ ಅರ್ಧ ಹಾಡು ಕೇಳಿದ ಹಾಗೆ. ನನಗೆ ಇದು ಖಚಿತವಾಗಿದ್ದು ಕನ್ನಡ ಹಾಡಿನಿಂದಲ್ಲ, ಹಿಂದಿ ಹಾಡಿನಿಂದಲೂ ಅಲ್ಲ. ನನಗೆ ಒಂದಕ್ಷರವೂ ಬಾರದ ಜರ್ಮನ್ ಹಾಡುಗಳಿಂದ.

ಜರ್ಮನ್‌ನಲ್ಲಿ ಹಾಡಿಗೆ 'ಲೀಡ್' ಅಂತಾರೆ, ಬಹುವಚನ 'ಲೀಡರ್'. (ಕ್ಲಾಸ್ ಲೀಡರಿಗೂ ಇದಕ್ಕೂ ಸಂಬಂಧ ಇಲ್ಲ!) ಆದರೆ ಸಂಗೀತದ ಲೋಕದಲ್ಲಿ ಈ ಪದಕ್ಕೆ ಒಂದು ನಿರ್ದಿಷ್ಟ ಅರ್ಥ ಇದೆ. ಒಬ್ಬ ಕವಿ ಬರೆದ ಕವಿತೆಗೆ ಇನ್ನೊಬ್ಬ ಸಂಗೀತಗಾರ ಒಂದು ದನಿ ಮತ್ತು ಒಂದು ಪಿಯಾನೊ ಇಟ್ಟುಕೊಂಡು ಸಂಗೀತ ಕಟ್ಟುವುದು. ಕಛೇರಿಯೂ ಹಾಗೇ ಇರತ್ತೆ. ವೇದಿಕೆ ಮೇಲೆ ಒಬ್ಬ ಗಾಯಕ ಅಥವಾ ಗಾಯಕಿ, ಒಂದು ಪಿಯಾನೊ, ಅದನ್ನು ನುಡಿಸುವವರು. ಅಷ್ಟೇ. ಡ್ರಮ್ಸ್ ಇಲ್ಲ, ಡ್ಯಾನ್ಸ್ ಇಲ್ಲ, ಬಣ್ಣದ ಲೈಟ್ ಇಲ್ಲ, ಮೈಕ್ ಕೂಡ ಇಲ್ಲ. ಈ ಸಂಗೀತಕ್ಕೆ ಹೆಸರಾದ ಲಂಡನ್ನಿನ ವಿಗ್‌ಮೋರ್ ಹಾಲ್ 1901ರಲ್ಲಿ ಶುರುವಾಯಿತು. ಅದರಲ್ಲಿ ಇರೋದು ಸುಮಾರು 550 ಸೀಟು. ನಮ್ಮ ಕಾಲೇಜಿನ ಒಂದು ಬ್ರಾಂಚಿನ ಹುಡುಗರೆಲ್ಲ ಬಂದರೆ ಹಾಲ್ ತುಂಬಿಹೋಗತ್ತೆ.

ಇಂಥ ಕಛೇರಿಗಳಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಪದ್ಧತಿ ಇದೆ. ಕೇಳೋಕೆ ಬಂದವರ ಕೈಗೆ ಒಂದು ಪುಸ್ತಿಕೆ ಕೊಡ್ತಾರೆ. ಅದರಲ್ಲಿ ಅವತ್ತು ಹಾಡುವ ಕವಿತೆಗಳೆಲ್ಲ ಇರ್ತವೆ, ಒಂದು ಕಡೆ ಜರ್ಮನ್, ಪಕ್ಕದಲ್ಲೇ ಇಂಗ್ಲಿಷ್ ಅನುವಾದ. ಹಾಡು ಮುಗಿಯುವವರೆಗೆ ಪುಟ ತಿರುಗಿಸಬೇಡಿ ಅಂತ ಒಂದು ಸೂಚನೆಯೂ ಇರೋದುಂಟು. ಯಾಕಂದ್ರೆ ನೂರಾರು ಜನ ಒಟ್ಟಿಗೆ ಪುಟ ತಿರುಗಿಸಿದರೆ ಆ ಸದ್ದಿನಲ್ಲಿ ಹಾಡು ಹೋಗತ್ತೆ! ಅಂದರೆ ಸಭೆಯಲ್ಲಿ ಕೂತವರೆಲ್ಲ ಓದ್ತಾ ಇದ್ದಾರೆ ಅಂತಾಯ್ತು. ಭಾಷೆ ಗೊತ್ತಿಲ್ಲ, ಆದರೂ ಓದ್ತಾರೆ. ನಾನು ಹೇಳಬೇಕಾದ ವಿಷಯ ಬಹುಪಾಲು ಇದರಲ್ಲೇ ಇದೆ.

ಈ ಹಾಡುಗಳ ಕಥೆ ಶುರುವಾಗೋದು ನಮಗಿಂತ ಚಿಕ್ಕ ಹುಡುಗನಿಂದ. ಫ್ರಾಂಜ್ ಶೂಬರ್ಟ್, ವಿಯೆನ್ನಾದವನು, ಹುಟ್ಟಿದ್ದು 1797ರಲ್ಲಿ. 1814ರ ಅಕ್ಟೋಬರ್ 19ರಂದು, ಅಪ್ಪನ ಶಾಲೆಯಲ್ಲಿ ಸಹಾಯಕ ಮೇಷ್ಟ್ರಾಗಿದ್ದಾಗ, ಗಯಟೆಯ 'ಫೌಸ್ಟ್' ನಾಟಕದ ಒಂದು ಹಾಡಿಗೆ ಸಂಗೀತ ಬರೆದ. ಆಗ ಅವನಿಗೆ 17 ವರ್ಷ. ಗ್ರೆಟ್ಶೆನ್ ಅನ್ನೋ ಹುಡುಗಿ ನೂಲುವ ರಾಟೆ ಮುಂದೆ ಕೂತು ತನ್ನ ಪ್ರಿಯಕರನನ್ನು ನೆನೀತಾ ಇದ್ದಾಳೆ. ಪಿಯಾನೊ ನುಡಿಸುವವರ ಬಲಗೈ ಸುತ್ತಿ ಸುತ್ತಿ ಬರತ್ತೆ, ಅದು ರಾಟೆಯ ಚಕ್ರ. ಎಡಗೈಯಲ್ಲಿ ಕಾಲಿನಿಂದ ತುಳಿಯುವ ಹಲಗೆಯ ಲಯ. ಅವಳು ಅವನ ನಡಿಗೆ, ನಗು, ಕಣ್ಣು ಒಂದೊಂದೇ ನೆನೆಯುತ್ತಾ ಹೋಗ್ತಾಳೆ. ಕೊನೆಗೆ ಅವನ ಮುತ್ತು ನೆನಪಾದ ಕ್ಷಣ ಪಿಯಾನೊ ನಿಂತುಬಿಡತ್ತೆ. ರಾಟೆ ತಿರುಗಿಸೋದನ್ನೇ ಹುಡುಗಿ ಮರೆತಿದ್ದಾಳೆ! ಆಮೇಲೆ ಚಕ್ರ ತಡವರಿಸಿ, ಮತ್ತೆ ತಡವರಿಸಿ, ನಿಧಾನಕ್ಕೆ ಸುತ್ತೋಕೆ ಶುರುವಾಗತ್ತೆ.

ಈಗ ಹೇಳಿ, ಕವಿತೆ ಗೊತ್ತಿಲ್ಲದೆ ಇದನ್ನು ಕೇಳಿದರೆ ಏನು ಸಿಗತ್ತೆ? ಪಿಯಾನೊ ಮಧ್ಯದಲ್ಲಿ ಯಾಕೋ ನಿಂತಿತು, ಮತ್ತೆ ಶುರುವಾಯಿತು ಅಂತ ಅನ್ನಿಸಬಹುದು. ಗೊತ್ತಿದ್ದರೆ ಆ ಮೌನಕ್ಕೇ ಎದೆ ಝಲ್ ಅನ್ನತ್ತೆ.

ಇದನ್ನು ಪರೀಕ್ಷೆ ಮಾಡೋಣ ಅಂತ ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್‌ಗೆ ಶೂಬರ್ಟನ 'ಎರ್ಲ್‌ಕ್ಯೋನಿಗ್' ಕೇಳಿಸಿದೆ. ಅವನು ಹುಬ್ಬಳ್ಳಿಯವನು, ಮೆಕ್ಯಾನಿಕಲ್. ನಾಲ್ಕು ನಿಮಿಷದ ಹಾಡು. ಮೊದಲನೇ ಸಲ ಏನೂ ಹೇಳದೆ ಹಾಕಿದೆ. "ಯಾರೋ ಯಾರ್ನೋ ಬೆನ್ನ ಹತ್ಯಾರಲೇ" ಅಂದ. ಪರವಾಗಿಲ್ಲ, ಒಳ್ಳೆ ಕಿವಿ. ಆಮೇಲೆ ಕಥೆ ಹೇಳಿದೆ. ರಾತ್ರಿ, ಗಾಳಿ. ಕಾಯಿಲೆ ಮಗುವನ್ನು ಅಪ್ಪಿಕೊಂಡು ಅಪ್ಪ ಕುದುರೆ ಓಡಿಸ್ತಾ ಇದ್ದಾನೆ. ಮಗುವಿಗೆ ದೆವ್ವಗಳ ರಾಜ ಕಾಣಿಸ್ತಾನೆ, ಬಾ ಅಂತ ಕರೀತಾನೆ. ಅಪ್ಪ ಮಂಜು, ಒಣಗಿದ ಎಲೆ, ಹಳೇ ಮರ ಅಂತ ಸಮಾಧಾನ ಮಾಡ್ತಾನೆ. ನಿರೂಪಕ, ಅಪ್ಪ, ಮಗ, ದೆವ್ವರಾಜ, ನಾಲ್ಕೂ ಪಾತ್ರ ಹಾಡೋದು ಒಬ್ಬನೇ ಗಾಯಕ. ಪಿಯಾನೊದ ಬಲಗೈ ಕುದುರೆಯ ಓಟ, ನಿಲ್ಲೋದೇ ಇಲ್ಲ. ಮಗು ಅಪ್ಪನನ್ನು ಕರೆದಾಗಲೆಲ್ಲ ಸ್ವರ ಮೇಲೇರುತ್ತಾ ಹೋಗತ್ತೆ. ದೆವ್ವರಾಜ ಬಂದಾಗ ಮಾತ್ರ ಸಂಗೀತ ಮೆತ್ತಗಾಗತ್ತೆ, ಸಿಹಿಯಾಗತ್ತೆ. ಭಯ ಹುಟ್ಟಿಸೋದೇ ಆ ಸಿಹಿ. ಕೊನೆಯಲ್ಲಿ ಮನೆ ತಲುಪ್ತಾರೆ, ಕುದುರೆ ನಿಲ್ಲತ್ತೆ, ಪಿಯಾನೊ ನಿಲ್ಲತ್ತೆ. ಮಗು ಸತ್ತಿದೆ ಅನ್ನೋದನ್ನು ಗಾಯಕ ಹೆಚ್ಚುಕಡಿಮೆ ಮಾತಿನ ಹಾಗೆ ಹೇಳ್ತಾನೆ. ಎರಡು ಸ್ವರಮೇಳ, ಮುಗೀತು.

ಎರಡನೇ ಸಲ ಅನುವಾದ ಕೈಯಲ್ಲಿ ಹಿಡ್ಕೊಂಡು ಕೇಳಿದ ನನ್ನ ಗೆಳೆಯ ಮಾತೇ ಆಡಲಿಲ್ಲ. ಹಾಡು ಅದೇ, ಇಯರ್‌ಫೋನ್ ಅದೇ. ಹೊಸದಾಗಿ ಸೇರಿದ್ದು ಮಾತು ಮಾತ್ರ. ಅಂದ ಹಾಗೆ, ಶೂಬರ್ಟ್ ಇದನ್ನು ಬರೆದಾಗ ಅವನಿಗೆ 18. 31ನೇ ವಯಸ್ಸಿಗೆ ತೀರಿಕೊಂಡ. ಅಷ್ಟರಲ್ಲಿ 600ಕ್ಕೂ ಹೆಚ್ಚು ಹಾಡು ಬರೆದಿದ್ದ.

"ಭಾವ ಅರ್ಥವಾದರೆ ಸಾಕು, ಪದ ಯಾಕೆ?" ಅಂತ ಕೇಳುವವರಿಗೆ ನನ್ನ ಹತ್ತಿರ ಇನ್ನೊಂದು ಉದಾಹರಣೆ ಇದೆ. 1840ರಲ್ಲಿ ರಾಬರ್ಟ್ ಶೂಮನ್ ಹೈನೆ ಎಂಬ ಕವಿಯ 16 ಕವಿತೆಗಳನ್ನು ಪೋಣಿಸಿ 'ಡಿಖ್ಟರ್‌ಲೀಬ' ಅನ್ನೋ ಹಾಡಿನ ಮಾಲೆ ಮಾಡಿದ. ಹೆಸರಿನ ಅರ್ಥ ಕವಿಯ ಪ್ರೇಮ. ಆ ಒಂದೇ ವರ್ಷ ಅವನು ನೂರಕ್ಕೂ ಹೆಚ್ಚು ಹಾಡು ಬರೆದ. ಅದೇ ವರ್ಷ ಅವನು ಕ್ಲಾರಾಳನ್ನು ಮದುವೆಯಾಗೋಕೆ ಅವಳ ಅಪ್ಪನ ವಿರುದ್ಧ ಕೋರ್ಟಿನಲ್ಲಿ ಹೋರಾಡ್ತಾ ಇದ್ದ! ಆ ಮಾಲೆಯ ಏಳನೇ ಹಾಡಿನಲ್ಲಿ ಪ್ರೀತಿ ಮುರಿದ ಹುಡುಗ, ತನಗೇನೂ ಸಿಟ್ಟಿಲ್ಲ, ಹೃದಯ ಒಡೆದರೂ ಪರವಾಗಿಲ್ಲ ಅಂತ ಹಾಡ್ತಾನೆ. ಪಿಯಾನೊ ಮಾತ್ರ ಗಟ್ಟಿಯಾಗಿ, ಸುತ್ತಿಗೆ ಏಟಿನ ಹಾಗೆ, ಬಿಡದೆ ಬಡೀತಾ ಇರತ್ತೆ. ಬಾಯಿ ಸಿಟ್ಟಿಲ್ಲ ಅಂದರೆ ಪಿಯಾನೊ ಇದೆ ಇದೆ ಅನ್ನತ್ತೆ. ಪದ ಗೊತ್ತಿಲ್ಲದವರಿಗೆ ಇದು ಬರೀ ಜೋರಾದ ಒಂದು ಹಾಡು. ಗೊತ್ತಿರೋರಿಗೆ ಒಬ್ಬ ಮನುಷ್ಯ ತನಗೆ ತಾನೇ ಸುಳ್ಳು ಹೇಳಿಕೊಳ್ಳೋದು ಕೇಳಿಸತ್ತೆ. ಬರೀ 'ಭಾವ' ಹಿಡಿದುಕೊಂಡು ಹೊರಟವರು ಇಲ್ಲಿ ತಲುಪೋಕೆ ಸಾಧ್ಯವೇ ಇಲ್ಲ.

ಅದೇ ಮಾಲೆಯ ಮೊದಲ ಹಾಡು ಇನ್ನೂ ಚೆನ್ನ. ಮೇ ತಿಂಗಳು, ಮೊಗ್ಗು ಬಿರಿಯುವ ಕಾಲ, ಹುಡುಗ ತನ್ನ ಹಂಬಲ ಹೇಳಿಕೊಂಡಿದ್ದಾನೆ. ಹಾಡು ಷಡ್ಜಕ್ಕೆ ಬಂದು ನಿಲ್ಲೋದೇ ಇಲ್ಲ, ತೂಗುಹಾಕಿದ ಹಾಗೆ ಮಧ್ಯದಲ್ಲೇ ಬಿಟ್ಟುಬಿಡತ್ತೆ. ಅವಳ ಉತ್ತರ ಇನ್ನೂ ಬಂದಿಲ್ಲ, ಅದಕ್ಕೆ! ವಾಟ್ಸ್ಯಾಪಲ್ಲಿ ಬ್ಲೂ ಟಿಕ್ ನೋಡಿಕೊಂಡು ಕೂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ಪಿಯಾನೊ ನುಡಿಸುವವರ ಬಗ್ಗೆ ಒಂದು ಮಾತು. ನಮ್ಮ ಸ್ಟೇಜ್‌ನಲ್ಲಿ ಹಾಡುವವರ ಹಿಂದೆ ಇರೋದು 'ಟ್ರ್ಯಾಕ್'. ಯೂಟ್ಯೂಬಿನಿಂದ ಇಳಿಸಿದ ಕರೋಕೆ. ಗಾಯಕಿ ಒಂದು ಪದದ ಮೇಲೆ ಅರೆಕ್ಷಣ ನಿಲ್ಲಬೇಕು ಅಂದುಕೊಂಡರೆ ಟ್ರ್ಯಾಕ್ ನಿಲ್ಲಲ್ಲ. ಅದಕ್ಕೆ ಕಿವಿ ಇಲ್ಲ. ಲೀಡರ್ ಕಛೇರಿಯಲ್ಲಿ ಪಿಯಾನೊದ ಒಂದೊಂದು ಸ್ವರವನ್ನೂ ಸಂಗೀತಗಾರನೇ ಬರೆದಿರ್ತಾನೆ. ಆದರೆ ಅದು ಉಸಿರಾಡೋದು ಗಾಯಕರ ಜೊತೆ. ಜೆರಾಲ್ಡ್ ಮೂರ್ ಅಂತ ಒಬ್ಬ ಇಂಗ್ಲಿಷ್ ಪಿಯಾನೊ ವಾದಕ ಜೀವನವಿಡೀ ಈ ಕೆಲಸವನ್ನೇ ಮಾಡಿದ. 1962ರಲ್ಲಿ ಆತ್ಮಕಥೆ ಬರೆದಾಗ ಅದಕ್ಕಿಟ್ಟ ಹೆಸರಿನ ಅರ್ಥ 'ನನ್ನ ಸದ್ದು ಜಾಸ್ತಿ ಆಯ್ತಾ?'. ನಮ್ಮ ಸೌಂಡ್ ಸಿಸ್ಟಮ್‌ನವರು ಈ ಪ್ರಶ್ನೆಯನ್ನು ವರ್ಷಕ್ಕೊಂದು ಸಲ ಕೇಳಿಕೊಂಡರೂ ಸಾಕು.

ಆಕ್ಷೇಪಗಳು ಬರ್ತವೆ ಅಂತ ಗೊತ್ತು. ಮೊದಲನೆಯದು: "ಇದು ಸೂಟು ಬೂಟಿನವರ ಸಂಗೀತ." ಇವತ್ತು ಹಾಗೆ ಕಾಣಬಹುದು. ಆದರೆ ಶೂಬರ್ಟನ ಹಾಡುಗಳು ಮೊದಲು ಕೇಳಿಸಿದ್ದು ಗೆಳೆಯರ ಮನೆಗಳಲ್ಲಿ, ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗರು ಸೇರಿ ಕವಿತೆ ಓದಿ, ಹಾಡಿ, ಕುಡಿದು, ಕುಣಿಯುತ್ತಿದ್ದ ಸಂಜೆಗಳಲ್ಲಿ. ಅವಕ್ಕೆ 'ಶೂಬರ್ಟಿಯಾಡ್' ಅಂತಲೇ ಹೆಸರು. ಅವನ ಇಡೀ ಹಾಡಿನ ಮಾಲೆಯೊಂದನ್ನು ಸಾರ್ವಜನಿಕ ಕಛೇರಿಯಲ್ಲಿ ಪೂರ್ತಿಯಾಗಿ ಹಾಡಿದ್ದು ಅವನು ಸತ್ತು ಎಷ್ಟೋ ವರ್ಷದ ಮೇಲೆ, 1856ರಲ್ಲಿ. ಇನ್ನು ಗಯಟೆಯಂಥ ದೊಡ್ಡವರಿಗೆ ಗೆಳೆಯರು 1816ರಲ್ಲೇ ಶೂಬರ್ಟನ ಹಾಡುಗಳನ್ನು ಕಳಿಸಿದ್ದರು. ಕಟ್ಟು ಹಾಗೇ ವಾಪಸ್ ಬಂತು, ಒಂದು ಸಾಲಿನ ಉತ್ತರವೂ ಇಲ್ಲ. ಸೂಟು ಬೂಟಿನ ಕಥೆ ಇಷ್ಟು.

ಎರಡನೆಯದು: "ನಮ್ಮದೇ ಸಂಗೀತ ಇಷ್ಟಿರುವಾಗ ಅವರದ್ದು ಯಾಕೆ?" ಇದಕ್ಕೆ ಮೈಸೂರಿನಲ್ಲೇ ಉತ್ತರ ಇದೆ. ಜಯಚಾಮರಾಜ ಒಡೆಯರು 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಅದೇ ಒಡೆಯರು ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯನ್ ಸಂಗೀತಗಾರ ಮೆಟ್ನರ್‌ನ ರಚನೆಗಳನ್ನು ತಮ್ಮ ಹಣದಲ್ಲಿ ರೆಕಾರ್ಡ್ ಮಾಡಿಸಿದರು. ಅವುಗಳಲ್ಲಿ ಗಯಟೆಯ ಕವಿತೆಗಳ ಹಾಡುಗಳೂ ಇವೆ, ಪಿಯಾನೊದಲ್ಲಿ ಸ್ವತಃ ಮೆಟ್ನರ್. ಇಷ್ಟೇ ಅಲ್ಲ. ರಿಚರ್ಡ್ ಸ್ಟ್ರೌಸ್ 84ನೇ ವಯಸ್ಸಿನಲ್ಲಿ ಬರೆದ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿ ಕೇಳಿಸಿದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಇವು ಪಿಯಾನೊ ಬದಲು ಆರ್ಕೆಸ್ಟ್ರಾಗೆ ಬರೆದ ಹಾಡುಗಳು, ಮೂರರ ಕವಿ 'ಸಿದ್ಧಾರ್ಥ' ಕಾದಂಬರಿಯ ಹರ್ಮನ್ ಹೆಸ್ಸೆ. ಆ ಕಛೇರಿಗೆ ಹಣದ ಭರವಸೆ ಕೊಟ್ಟು ನಿಂತವರು ನಮ್ಮ ಮೈಸೂರಿನ ಮಹಾರಾಜರು! ಎರಡು ಸಂಗೀತ ಒಂದೇ ಎದೆಯಲ್ಲಿ ಇರೋಕೆ ಆಗತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಹಾಗೆ ನೋಡಿದರೆ ನಮಗೆ ಲೀಡ್ ತೀರಾ ಅಪರಿಚಿತವೂ ಅಲ್ಲ. ಭಾವಗೀತೆ ಇನ್ನೇನು? ಕವಿ ಒಬ್ಬರು, ರಾಗ ಹಾಕುವವರು ಇನ್ನೊಬ್ಬರು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸಂಗೀತ ಮಾಡಿ 'ನಿತ್ಯೋತ್ಸವ' ಕ್ಯಾಸೆಟ್ ಬಂದಾಗ ಕವಿತೆ ಪುಸ್ತಕ ಬಿಟ್ಟು ಮನೆಮನೆಗೆ ಹೋಯಿತು. ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳು ಸಿ. ಅಶ್ವಥ್ ಅವರ ಸಂಗೀತದಲ್ಲಿ ಎಷ್ಟು ಜನರ ಬಾಯಲ್ಲಿವೆ ಅಂತ ನಮ್ಮ ಅಪ್ಪ ಅಮ್ಮನ ತಲೆಮಾರನ್ನು ಕೇಳಿ. ನನ್ನ ಹಾಗೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಎಷ್ಟೋ ಜನಕ್ಕೆ ಕನ್ನಡ ಕವಿತೆ ತಲುಪಿದ್ದೇ ಹಾಡಿನ ಮೂಲಕ. ಆ ಹಾಡಿನಲ್ಲೂ ಪದ ಕೇಳಿಸದೇ ಹೋದರೆ ನಮಗೆ ಕವಿತೆ ಸಿಗೋ ಕೊನೆಯ ಬಾಗಿಲೂ ಮುಚ್ಚಿದ ಹಾಗೆ. ಕಳೆದ ರಾಜ್ಯೋತ್ಸವಕ್ಕೆ ನಮ್ಮ ವೇದಿಕೆಯಲ್ಲಿ ಬೇಂದ್ರೆಯವರ ಒಂದು ಹಾಡು ಹಾಡಿದರು. ಬೇಸ್ ಎಷ್ಟಿತ್ತು ಅಂದರೆ ಕುರ್ಚಿ ನಡುಗಿತು. ಪದ ಒಂದೂ ಕೇಳಿಸಲಿಲ್ಲ. ಹೊರಗೆ ಬಂದವರೆಲ್ಲ "ಸೂಪರ್ ಆಗಿತ್ತು" ಅಂದರು. ಏನು ಸೂಪರ್ ಆಗಿತ್ತು ಅಂತ ಯಾರನ್ನಾದರೂ ಕೇಳಬೇಕಿತ್ತು.

ಅದಕ್ಕೆ ನಮ್ಮ ಕನ್ನಡ ಸಂಘಕ್ಕೆ ನನ್ನದೊಂದು ಸಲಹೆ. ಈ ಸಲದ ರಾಜ್ಯೋತ್ಸವದ ಮೂರು ಗಂಟೆ ಕಾರ್ಯಕ್ರಮದಲ್ಲಿ 20 ನಿಮಿಷ ಕೊಡಿ. ಆಡಿಟೋರಿಯಂ ಬೇಡ, ಸೆಮಿನಾರ್ ಹಾಲ್ ಸಾಕು. ಮೂರು ಕನ್ನಡ ಕವಿತೆ, ಒಂದು ದನಿ, ಮ್ಯೂಸಿಕ್ ರೂಮಿನಲ್ಲಿ ಧೂಳು ಹಿಡಿದು ಕೂತಿರುವ ಆ ಕೀಬೋರ್ಡ್ ಅಥವಾ ಒಂದು ಹಾರ್ಮೋನಿಯಂ. ಟ್ರ್ಯಾಕ್ ಬೇಡ, ಹಾಡುವವರ ಕೈಗೆ ಮೈಕ್ ಬೇಡ. ಬಂದವರಿಗೆಲ್ಲ ಕವಿತೆ ಇರುವ ಒಂದು ಝೆರಾಕ್ಸ್ ಹಾಳೆ ಕೊಡಿ. ಕನ್ನಡ ಬಾರದ ಗೆಳೆಯರಿಗೆ ಪಕ್ಕದಲ್ಲಿ ಇಂಗ್ಲಿಷ್ ಅನುವಾದ ಇರಲಿ, ಅವರೂ ಬರ್ತಾರೆ. ಹಾಡೋಕೆ ಮೊದಲು ಯಾರಾದರೂ ಕವಿತೆಯನ್ನು ಒಮ್ಮೆ ಗಟ್ಟಿಯಾಗಿ ಓದಲಿ. ಖರ್ಚು ಝೆರಾಕ್ಸಿಂದು ಮಾತ್ರ.

ಅಷ್ಟರೊಳಗೆ ಇಂಟರ್ನಲ್ಸ್ ಮುಗಿಸಿ ಒಂದು ರಾತ್ರಿ ನೀವೂ ಪ್ರಯತ್ನ ಮಾಡಿ. ಫಿಶರ್-ಡೀಸ್ಕಾವ್ ಹಾಡಿ ಜೆರಾಲ್ಡ್ ಮೂರ್ ನುಡಿಸಿದ ಶೂಬರ್ಟ್ ಯೂಟ್ಯೂಬಿನಲ್ಲಿ ಧಾರಾಳವಾಗಿ ಸಿಗತ್ತೆ. ಕವಿತೆಗಳ ಇಂಗ್ಲಿಷ್ ಅನುವಾದ 'ಲೀಡರ್‌ನೆಟ್' ಅನ್ನೋ ತಾಣದಲ್ಲಿದೆ. 'ಎರ್ಲ್‌ಕ್ಯೋನಿಗ್'ನಿಂದ ಶುರು ಮಾಡಿ, ನಾಲ್ಕೇ ನಿಮಿಷ. ಮೊದಲು ಕವಿತೆ ಓದಿ, ಆಮೇಲೆ ಪ್ಲೇ ಒತ್ತಿ. ಲೈಟ್ ಆರಿಸೋದು ಬಿಡೋದು ನಿಮ್ಮ ಧೈರ್ಯಕ್ಕೆ ಬಿಟ್ಟಿದ್ದು.