ಅತಿಯಾದ ಆರೈಕೆಗೆ ಬಾಡುವ ಹೂವು

ನಗರದ ವಸತಿ ಸಮುಚ್ಚಯವೊಂದರ ನಾಲ್ಕನೆಯ ಮಹಡಿಯಲ್ಲಿ ಗೃಹಪ್ರವೇಶ. ಬಂದ ಉಡುಗೊರೆಗಳ ನಡುವೆ ಒಂದು ಹೂಕುಂಡ. ಅದರಲ್ಲಿ ನಾಲ್ಕೈದು ದಪ್ಪನೆಯ ಎಲೆಗಳು. ಅವುಗಳ ನಡುವಿನಿಂದ ಬಿಲ್ಲಿನಂತೆ ಬಾಗಿದ ಒಂದು ದಂಟು. ದಂಟಿನ ಉದ್ದಕ್ಕೂ ಬಿಳಿಯ ಪಾತರಗಿತ್ತಿಗಳು ಸಾಲಾಗಿ ಕುಳಿತಂತೆ ಹೂಗಳು. ಮನೆಮಂದಿಗೆಲ್ಲ ಸಂಭ್ರಮ. ಗೃಹಿಣಿ ತುಳಸಿಗೆ ಎರೆದು ಮಿಕ್ಕ ಚೆಂಬಿನ ನೀರನ್ನು ದಿನವೂ ಇದಕ್ಕೆ ಎರೆಯುತ್ತಾಳೆ. ತಿಂಗಳೊಂದು ಕಳೆಯುವಷ್ಟರಲ್ಲಿ ಎಲೆಗಳು ಜೋಲುತ್ತವೆ. ನೀರು ಸಾಲದೇನೋ ಎಂಬ ಕಳವಳದಿಂದ ಇನ್ನೊಂದು ಚೆಂಬು ಸುರಿಯುತ್ತಾಳೆ. ಮರುತಿಂಗಳು ಗಿಡ ಕಸದ ಬುಟ್ಟಿಯನ್ನು ಸೇರುತ್ತದೆ. ತನ್ನ ಕೈಗುಣವೇ ಸರಿಯಿಲ್ಲವೆಂಬ ನಿಟ್ಟುಸಿರೊಂದು ಮನೆಯಲ್ಲಿ ಉಳಿಯುತ್ತದೆ.

ಇಂಥ ಪ್ರಸಂಗ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಕೈಗುಣದ ದೋಷ ಇದರಲ್ಲಿ ಏನೂ ಇಲ್ಲ. ಪ್ರೀತಿಯೂ ಕಡಮೆಯಾದುದಲ್ಲ. ಆರ್ಕಿಡ್ ಎಂಬ ಈ ಸಸ್ಯದ ತವರು ಯಾವುದು, ಅಲ್ಲಿ ಅದು ಹೇಗೆ ಬಾಳುತ್ತದೆ ಎಂಬುದು ತಿಳಿಯದೆ ಹೋದುದೇ ಅನರ್ಥಕ್ಕೆ ಕಾರಣ.

ಮಲೆನಾಡನ್ನು ಕಂಡವರಿಗೆ ಸೀತಾಳೆ ದಂಡೆ ಅಪರಿಚಿತವಲ್ಲ. ಬೇಸಿಗೆ ಮುಗಿದು ಮಳೆಗಾಲ ಕಾಲಿಡುವ ಹೊತ್ತಿಗೆ ಮರಗಳ ಕೊಂಬೆಯಿಂದ ನಸುಗೆಂಪು ಚುಕ್ಕೆಗಳ ಹೂಗೊಂಚಲು ಇಳಿಬಿದ್ದಿರುತ್ತದೆ. ಅದೂ ಒಂದು ಆರ್ಕಿಡ್. ಅಸ್ಸಾಮಿನಲ್ಲಿ ಬಿಹು ಕುಣಿತದ ಹೆಣ್ಣುಮಕ್ಕಳು ಮುಡಿಯುವ ಹೂವೂ ಇದೇ. ಮರದ ಮೇಲೆ ಬೆಳೆಯುವುದರಿಂದ ಇದನ್ನು ಬಂದಳಿಕೆಯೆಂದು ಭಾವಿಸುವವರುಂಟು. ಆದರೆ ಬಂದಳಿಕೆ ಆಶ್ರಯವಿತ್ತ ಮರದ ರಸವನ್ನೇ ಹೀರುತ್ತದೆ, ಆರ್ಕಿಡ್ ಹಾಗಲ್ಲ. ಅದು ಮರದಿಂದ ಪಡೆಯುವುದು ನಿಲ್ಲಲು ಒಂದು ತಾವನ್ನು ಮಾತ್ರ. ಮಳೆಯ ನೀರು, ತೊಗಟೆಯ ಸಂದಿನಲ್ಲಿ ಕೊಳೆತ ಎಲೆಯ ಸಾರ, ಬೀಸುವ ಗಾಳಿ, ಎಲೆಗಳ ನಡುವಿನಿಂದ ಸೋಸಿಬಂದ ಬೆಳಕು: ಇಷ್ಟರಲ್ಲಿ ಅದರ ಸಂಸಾರ ಸಾಗುತ್ತದೆ. ಮಣ್ಣಿನ ಹಂಗಿಲ್ಲದೆ ಎತ್ತರದಲ್ಲಿ ವಾಸಿಸುವ ಈ ಸಸ್ಯ ಮಹಡಿಯ ಮನೆಗೆ ಒಂದು ರೀತಿಯಲ್ಲಿ ಸಹಜವಾದ ನೆರೆಯೇ ಸರಿ.

ಅದರ ಬೇರನ್ನು ನೋಡಿದರೆ ಉಳಿದುದೆಲ್ಲ ಅರ್ಥವಾಗುತ್ತದೆ. ಬೇರಿನ ಸುತ್ತ ನಿರ್ಜೀವ ಕೋಶಗಳ ಹಲವು ಪದರಗಳ ಹೊದಿಕೆಯೊಂದಿದೆ. ಸಸ್ಯಶಾಸ್ತ್ರಜ್ಞರು ಅದನ್ನು ವೆಲಮೆನ್ ಎನ್ನುತ್ತಾರೆ. ಮಳೆ ಬಿದ್ದೊಡನೆ ಅದು ಸ್ಪಂಜಿನಂತೆ ನೀರನ್ನು ಹೀರಿ ಹಸುರಾಗುತ್ತದೆ. ಗಾಳಿಗೆ ಒಣಗಿದಾಗ ಬೆಳ್ಳಿಯಂತೆ ಬಿಳುಪಾಗುತ್ತದೆ. ನೆನೆಯುವುದು, ಒಣಗುವುದು, ಮತ್ತೆ ನೆನೆಯುವುದು, ಮತ್ತೆ ಒಣಗುವುದು. ಈ ಬೇರನ್ನು ಸದಾ ತೇವವಾಗಿಟ್ಟರೆ ಉಸಿರಾಟಕ್ಕೆ ಗಾಳಿಯಿಲ್ಲದೆ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಮೇಲಕ್ಕೆ ಕಳುಹಿಸಲಾರದು. ಆಗ ಎಲೆ ಬಾಡುತ್ತದೆ. ಬಾಯಾರಿದ ಗಿಡಕ್ಕೂ ನೀರಿನಲ್ಲಿ ಮುಳುಗಿದ ಗಿಡಕ್ಕೂ ಎಲೆಯ ಲಕ್ಷಣ ಒಂದೇ ಎಂಬುದನ್ನು ಅರಿಯದೆ ಗೃಹಿಣಿ ಎರಡನೆಯ ಚೆಂಬನ್ನು ಸುರಿದಳು.

ಈ ತಪ್ಪನ್ನು ಮಾಡಿದವರಲ್ಲಿ ಅವಳೇ ಮೊದಲಿಗಳಲ್ಲ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಶ್ರೀಮಂತರಿಗೆ ಆರ್ಕಿಡ್ಡಿನ ಹುಚ್ಚು ಹಿಡಿದಿತ್ತು. ಉಷ್ಣದೇಶದ ಸಸ್ಯವಲ್ಲವೆ ಎಂದು ಅವರು ಎಲ್ಲ ಬಗೆಯ ಆರ್ಕಿಡ್‌ಗಳನ್ನೂ ಗಾಳಿಯಾಡದ ಗಾಜಿನ ಮನೆಗಳಲ್ಲಿ, ಬೆಂಕಿಯ ಕಾವಿನಲ್ಲಿ, ಹಬೆಯ ನಡುವೆ ಕೂಡಿಹಾಕಿದರು. ದೂರದೇಶಗಳಿಂದ ಹಡಗಿನಲ್ಲಿ ಬಂದ ಗಿಡಗಳು ಗುಂಪುಗುಂಪಾಗಿ ಸತ್ತವು. 1830ರ ದಶಕದಲ್ಲಿ ಚಾಟ್ಸ್‌ವರ್ತ್ ಎಂಬಲ್ಲಿ ಡೆವನ್‌ಷೈರ್ ಡ್ಯೂಕನ ತೋಟಗಾರನಾಗಿದ್ದ ಜೋಸೆಫ್ ಪ್ಯಾಕ್ಸ್‌ಟನ್ ಕಾವನ್ನು ತಗ್ಗಿಸಿ ಗಾಳಿಗೆ ದಾರಿಮಾಡಿಕೊಟ್ಟನು, ಗಿಡಗಳು ಚೇತರಿಸಿಕೊಂಡವು. ಅವನ ಸಹಾಯಕನಾದ ಜಾನ್ ಗಿಬ್ಸನ್ ನಮ್ಮ ಖಾಸಿ ಬೆಟ್ಟಗಳಿಂದ ಸಂಗ್ರಹಿಸಿ 1837ರಲ್ಲಿ ಕೊಂಡೊಯ್ದ ಆರ್ಕಿಡ್‌ಗಳೂ ಆ ತೋಟವನ್ನು ಸೇರಿದವು.

ಹಾಗಾದರೆ ಹೊಸಬರು ಎಲ್ಲಿಂದ ಆರಂಭಿಸಬೇಕು? ಬೆಂಗಳೂರು, ಮೈಸೂರುಗಳಂಥ ಊರುಗಳಿಗೆ ಮೇಲೆ ಹೇಳಿದ ಪಾತರಗಿತ್ತಿಯಂಥ ಹೂವಿನ ಫ್ಯಾಲನಾಪ್ಸಿಸ್ ತಕ್ಕುದು. ಗ್ರೀಕ್ ಮೂಲದ ಈ ಹೆಸರಿಗೆ ಪತಂಗವನ್ನು ಹೋಲುವುದೆಂದೇ ಅರ್ಥ. 1825ರಲ್ಲಿ ಬ್ಲೂಮ್ ಎಂಬ ಸಸ್ಯಶಾಸ್ತ್ರಜ್ಞನು ಇಟ್ಟುದು. ಸೆಕೆ ಹೆಚ್ಚಾದ ಮಂಗಳೂರು, ಮುಂಬಯಿಗಳಲ್ಲಿ ಬಾಲ್ಕನಿಗೆ ಒಂದಿಷ್ಟು ಬಿಸಿಲು ಬೀಳುವುದಾದರೆ ಡೆಂಡ್ರೋಬಿಯಮ್ ಮಿಶ್ರತಳಿಗಳು ಇನ್ನೂ ಸುಲಭ.

ಫ್ಯಾಲನಾಪ್ಸಿಸ್‌ಗೆ ಪೂರ್ವದ ಕಿಟಕಿ ಉತ್ತಮ. ಬೆಳಗಿನ ಎಳೆಬಿಸಿಲು ಸೋಂಕಬಹುದು; ನಡುಹಗಲಿನ ಬಿಸಿಲು ಎಲೆಯನ್ನು ಸುಡುತ್ತದೆ. ಎಲೆ ಕಡುಹಸುರಾದರೆ ಬೆಳಕು ಸಾಲದೆಂದೂ, ಕೆಂಪು ಛಾಯೆ ತಳೆದರೆ ಹೆಚ್ಚಾಯಿತೆಂದೂ ತಿಳಿಯಬೇಕು. ಕುಂಡಕ್ಕೆ ಮಣ್ಣು ಕೂಡದು. ಇದ್ದಲು, ಹೆಂಚಿನ ಚೂರು, ಮರದ ತೊಗಟೆ, ಚೆನ್ನಾಗಿ ನೆನೆಸಿ ತೊಳೆದ ತೆಂಗಿನ ಸಿಪ್ಪೆಯ ತುಂಡುಗಳು ಇದ್ದರೆ ಸಾಕು. ಕುಂಡದ ತಳದಲ್ಲಿಯೂ ಬದಿಯಲ್ಲಿಯೂ ರಂಧ್ರಗಳಿರಬೇಕು. ಪಾರದರ್ಶಕವಾದ ಪ್ಲಾಸ್ಟಿಕ್ ಕುಂಡವಾದರೆ ಬೇರಿನ ಬಣ್ಣ ಹೊರಗಿನಿಂದಲೇ ಕಾಣುತ್ತದೆ.

ನೀರಿಗೆ ಗಡಿಯಾರವನ್ನಾಗಲಿ ಪಂಚಾಂಗವನ್ನಾಗಲಿ ನೋಡಬೇಕಾಗಿಲ್ಲ, ಬೇರನ್ನು ನೋಡಿದರಾಯಿತು. ಹಸುರಾಗಿದ್ದರೆ ತಡೆಯಬೇಕು. ಬೆಳ್ಳಗಾಗಿ ಕುಂಡ ಹಗುರವೆನಿಸಿದರೆ ಧಾರಾಳವಾಗಿ ಎರೆದು, ನೀರೆಲ್ಲ ಸೋರಿಹೋಗುವವರೆಗೆ ಬಿಡಬೇಕು. ಬೇಸಿಗೆಯಲ್ಲಿ ಇದು ವಾರಕ್ಕೆ ಎರಡು ಸಲವಾದೀತು; ಮಳೆಗಾಲದಲ್ಲಿ ವಾರ ಹತ್ತು ದಿನಕ್ಕೊಮ್ಮೆ ಆದೀತು. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಸುಳಿಯೇ ಕೊಳೆಯುವುದುಂಟು. ಆದುದರಿಂದ ಬೆಳಿಗ್ಗೆ ಎರೆದು, ಸುಳಿಯ ನೀರನ್ನು ಬಟ್ಟೆಯಿಂದ ಒರಸುವುದು ಲೇಸು. ಗೊಬ್ಬರವೂ ಅಷ್ಟೆ: ಹೇಳಿದ ಪ್ರಮಾಣದ ಕಾಲುಭಾಗವನ್ನು ನೀರಿನಲ್ಲಿ ಕರಗಿಸಿ ಕೊಟ್ಟರೆ ಸಾಕು.

ಹೂವು ಎರಡು ಮೂರು ತಿಂಗಳು ನಿಂತು ಉದುರುತ್ತದೆ. ಆಗಲೇ ಅನೇಕರು ಗಿಡ ಸತ್ತಿತೆಂದು ಎಸೆಯುವುದು. ಸತ್ತಿರುವುದಿಲ್ಲ, ವಿಶ್ರಮಿಸುತ್ತಿರುತ್ತದೆ. ಅದು ಮತ್ತೆ ಹೂದಂಟು ಬಿಡಲು ಕೆಲವು ವಾರಗಳ ತಂಪು ಬೇಕು; ಉಷ್ಣತೆ 25 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬೇಕು. ಬೆಂಗಳೂರಿನ ಚಳಿಗಾಲ ಈ ಉಪಕಾರವನ್ನು ಬಿಟ್ಟಿಯಾಗಿಯೇ ಮಾಡುತ್ತದೆ. ಮಾಗಿಯ ರಾತ್ರಿಗಳಲ್ಲಿ ಗಿಡವನ್ನು ಕಿಟಕಿಯ ಬಳಿಯಲ್ಲಿಯೇ ಇಟ್ಟರೆ ಸಾಕು.

ಒಂದು ಎಚ್ಚರಿಕೆಯ ಮಾತು. ಪ್ರವಾಸಕ್ಕೆ ಹೋದಾಗ ಕಾಡಿನ ಕೊಂಬೆಯಿಂದ ಸೀತಾಳೆ ದಂಡೆಯನ್ನು ಕಿತ್ತುತರುವುದು ಯಾರಿಗೂ ತರವಲ್ಲ. ಆರ್ಕಿಡ್ಡಿನ ಬೀಜ ಧೂಳಿನಷ್ಟು ಸಣ್ಣದು, ಅದರಲ್ಲಿ ಬುತ್ತಿಯಿರುವುದಿಲ್ಲ. ತಕ್ಕ ಶಿಲೀಂಧ್ರದ ನೆರವು ದೊರೆತರೆ ಮಾತ್ರ ಅದು ಕಾಡಿನಲ್ಲಿ ಮೊಳೆಯುತ್ತದೆ ಎಂಬುದನ್ನು 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ಡ್ ಕಂಡುಹಿಡಿದನು. ಒಂದು ಗಿಡ ಹೂಬಿಡುವಷ್ಟು ಬೆಳೆಯಲು ವರುಷಗಳೇ ಬೇಕು. ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಸಕ್ಕರೆ ಬೆರೆಸಿದ ಪಾಕದಲ್ಲಿ ಶಿಲೀಂಧ್ರವಿಲ್ಲದೆಯೇ ಬೀಜ ಮೊಳೆಯುವುದನ್ನು ತೋರಿಸಿಕೊಟ್ಟನು. ಮುಂದೆ ಅಂಗಾಂಶ ಕೃಷಿಯೂ ಬಂದಿತು. ಡ್ಯೂಕರ ಸೊತ್ತಾಗಿದ್ದ ಗಿಡ ಗುಮಾಸ್ತರ ಕಿಟಕಿಗೆ ಬಂದುದು ಈ ಪ್ರಯೋಗಶಾಲೆಗಳ ಮೂಲಕ. ಸಸ್ಯಾಗಾರದಲ್ಲಿ ಅಂಥ ಗಿಡ ದೊರೆಯುವಾಗ ಕಾಡಿನದಕ್ಕೆ ಕೈಹಾಕುವುದೇಕೆ?

ಎಲೆ ಜೋತುಬಿದ್ದ ಗಿಡ ಈಗಲೂ ಯಾರ ಮನೆಯಲ್ಲಾದರೂ ಇದ್ದರೆ ಕಸದ ಬುಟ್ಟಿಗೆ ಹಾಕುವ ಮೊದಲು ಕುಂಡದಿಂದ ಹೊರತೆಗೆದು ನೋಡಲಿ. ಕಂದಾಗಿ ಮೆತ್ತಗಾದ ಬೇರುಗಳನ್ನು ಶುದ್ಧವಾದ ಕತ್ತರಿಯಿಂದ ಕತ್ತರಿಸಲಿ. ಗಟ್ಟಿಯಾದ ಎರಡು ಬೇರುಗಳು ಉಳಿದಿದ್ದರೂ ಆಸೆಗೆ ಎಡೆಯುಂಟು. ಹೊಸ ಇದ್ದಲು, ತೊಗಟೆಯ ಚೂರುಗಳಲ್ಲಿ ಕೂರಿಸಿ, ನೆಳಲಿನ ತಂಪಿನಲ್ಲಿಟ್ಟು, ಚೆಂಬನ್ನು ಕೆಲವು ದಿನ ದೂರವಿಡಲಿ. ಹೊಸ ಬೇರಿನ ಹಸುರು ಮೊನೆಯೊಂದು ಕಾಣಿಸಿಕೊಂಡ ದಿನ, ಕೈಗುಣದ ಬಗೆಗಿದ್ದ ಸಂಶಯವೂ ಆ ಮನೆಯಿಂದ ಹೊರಟುಹೋಗುತ್ತದೆ.