ಕುಮಟಾ ಹತ್ತಿ ಮತ್ತು ಬಾರದ ರೈಲು

ಮೊನ್ನೆ ಆಫೀಸಿನಲ್ಲಿ ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬ ಅಂದ, "ನಿಮ್ಮ ಉತ್ತರ ಕನ್ನಡದವರಿಗೆ ವ್ಯಾಪಾರ ಗೊತ್ತಿಲ್ಲ ಬಿಡಪ್ಪ. ಅಡಿಕೆ ತೋಟ, ಇಲ್ಲಾಂದ್ರೆ ಬೆಂಗಳೂರಲ್ಲಿ ನೌಕರಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಊಟ ಗಂಟಲಲ್ಲಿ ಇಳಿಯಲಿಲ್ಲ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕುಮಟಾ ನನ್ನೂರು. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು, ಅಲ್ಲಿಂದ ಹಡಗೇರಿ ಮುಂಬೈಗೆ. ಬೆಳೆದದ್ದು ಬಯಲುಸೀಮೆಯಲ್ಲಿ, ಆದರೆ ಪೇಟೆಯಲ್ಲಿ ಅದರ ಹೆಸರು 'ಕುಮಟಾ ಹತ್ತಿ'! ವ್ಯಾಪಾರ ಗೊತ್ತಿಲ್ಲದ ಊರಿನ ಹೆಸರನ್ನು ಮಾಲಿಗೆ ಯಾರಾದರೂ ಇಡ್ತಾರಾ ಸ್ವಾಮಿ?

ಅಮೆರಿಕದ ಅಂತರ್ಯುದ್ಧದಿಂದಾಗಿ (1861-65) ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಾಲದಾದಾಗ ಕಾರವಾರವನ್ನು ದೊಡ್ಡ ಬಂದರು ಮಾಡುವ ಉತ್ಸಾಹ ಬಂತು. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಇದೇ ಲೆಕ್ಕ. ಕಾರವಾರಕ್ಕೆ ರೈಲು ಹಾಕುವ ಮಾತೂ ನಡೆಯಿತು. ಆದರೆ 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಯಿತು. ಹಳಿ ಹಾಕಿದ್ದು ಗೋವಾದ ಮರ್ಮಗೋವಾ ಬಂದರಿನಿಂದ. 1888ರಲ್ಲಿ ಅದು ಘಟ್ಟ ಹತ್ತಿ ಕ್ಯಾಸಲ್‌ರಾಕ್ ಮುಟ್ಟಿ ಲೋಂಡಾ, ಧಾರವಾಡ, ಹುಬ್ಬಳ್ಳಿಯ ಹಳಿಗೆ ಕೂಡಿಕೊಂಡಿತು. ಹತ್ತಿ ರೈಲು ಹತ್ತಿತು. ಗಾಡಿ ಸಾಲು ಕರಗಿತು, ನಮ್ಮ ಬಂದರೂ.

ಮುಂಬೈ ಎದುರು ಸಣ್ಣ ಬಂದರುಗಳು ಹೇಗೂ ಸೋಲುತ್ತಿದ್ದವು ಅನ್ನಬಹುದು. ಇರಲಿ. ಹಾಗಾದರೆ ಹುಬ್ಬಳ್ಳಿಯನ್ನು ನೋಡಿ. ಸಮುದ್ರವಿಲ್ಲ, ದೊಡ್ಡ ನದಿಯಿಲ್ಲ. ಜಂಕ್ಷನ್ ಬಂತು, ರೈಲ್ವೆ ವರ್ಕ್‌ಶಾಪ್ ಬಂತು, 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿಯೂ ಬಂತು. 2023ರಲ್ಲಿ 1,507 ಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ ಕೂಡ! ಹುಬ್ಬಳ್ಳಿಯವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅಲ್ಲಿಯವರು ಜಾಣರು ಹೌದು. ಆದರೆ ಜಾಣತನಕ್ಕೆ ಹಳಿಯ ಆಸರೆಯೂ ಇತ್ತು ಅಂತ ಒಪ್ಪಿಕೊಳ್ಳಿ, ಅಷ್ಟೇ.

ನಮಗೆ 1998ರಲ್ಲಿ ಪೂರ್ತಿಯಾದ ಕೊಂಕಣ ರೈಲ್ವೆ ಇದೆಯಲ್ಲ ಅನ್ನಬೇಡಿ. ಅದು ಕರಾವಳಿಯ ಉದ್ದಕ್ಕೆ ಓಡುತ್ತದೆ, ಘಟ್ಟ ಹತ್ತುವುದಿಲ್ಲ. ಕುಮಟಾದಿಂದ ಹುಬ್ಬಳ್ಳಿಗೆ ಹೋಗಲು ನಾನು ಇವತ್ತಿಗೂ ಹಿಡಿಯುವುದು ಬಸ್ಸನ್ನೇ. ಹುಬ್ಬಳ್ಳಿ-ಅಂಕೋಲಾ ಮಾರ್ಗಕ್ಕೆ ಶಂಕುಸ್ಥಾಪನೆಯಾದದ್ದು 1999ರಲ್ಲಿ. ಆ ಕಲ್ಲಿಗೆ ಈಗ ಕಾಲು ಶತಮಾನ ದಾಟಿದೆ.

ಪಶ್ಚಿಮ ಘಟ್ಟದ ಕಾಡು ಕಡಿದು ರೈಲು ಬಿಡಿ ಅಂತ ನಾನು ಹೇಳುವುದಿಲ್ಲ. ಕಾಡು ಉಳಿಸಬೇಕೆಂದರೆ ಹಾಗಂತ ಗಟ್ಟಿಯಾಗಿ ಹೇಳಿ, ನಾನೂ ನಿಮ್ಮ ಜೊತೆ. ಆದರೆ ಅತ್ತ ಕಾಡಿನ ನೆಪ, ಇತ್ತ ಚುನಾವಣೆಗೊಮ್ಮೆ ರೈಲಿನ ಆಸೆ, ಎರಡನ್ನೂ ಒಟ್ಟಿಗೆ ತೋರಿಸಬೇಡಿ. ರೈಲು ಕೊಡುವುದಿಲ್ಲವೆಂದರೆ ಬದಲಿಗೆ ಏನು ಕೊಡುತ್ತೀರಿ, ಅದನ್ನಾದರೂ ಹೇಳಿ.

ಇನ್ನು ನಮಗೆ ವ್ಯಾಪಾರ ಗೊತ್ತಿಲ್ಲ ಅಂದ ಗೆಳೆಯನಿಗೆ: ನಮ್ಮೂರು ಹಳಿ ತಪ್ಪಿದ್ದಲ್ಲ ಮಾರಾಯ, ಹಳಿಯೇ ನಮ್ಮೂರನ್ನು ತಪ್ಪಿಸಿ ಹೋಯಿತು.

ಏನಂತೀರಿ?