ಗಟ್ಟಿ ನೆಲವೆಂಬ ಅರ್ಧಸತ್ಯ

ಘಟ್ಟದಲ್ಲಿ ಸುರಂಗ, ಅಣೆಕಟ್ಟು, ಅಗಲ ರಸ್ತೆಗಳ ಪ್ರಸ್ತಾಪ ಬಂದಾಗಲೆಲ್ಲ ಒಂದು ಸಿದ್ಧ ಉತ್ತರ ಕೇಳಿಬರುತ್ತದೆ: ‘ಇದು ಹಿಮಾಲಯವಲ್ಲ, ದಕ್ಷಿಣದ ಪುರಾತನ ಗಟ್ಟಿ ಶಿಲೆ. ಇಲ್ಲಿ ಹೆದರಬೇಕಾದ್ದಿಲ್ಲ.’ ಈ ಮಾತಿನಲ್ಲಿ ಸತ್ಯಾಂಶವಿದೆ. ನಮ್ಮ ಕಾಲಡಿಯ ಶಿಲೆಯಲ್ಲಿ ಬಹುಭಾಗ 300 ಕೋಟಿ ವರ್ಷಗಳಷ್ಟು ಹಳೆಯದು. ಆದರೆ ಅರ್ಧಸತ್ಯವನ್ನು ನಂಬಿ ಬೆಟ್ಟ ಅಗೆಯಲು ಹೊರಡುವುದು ವಿವೇಕವಲ್ಲ.

ಭೂಮಿಯ ಹೊರಚಿಪ್ಪು ಅಖಂಡವಾದುದಲ್ಲ. ಬೃಹತ್ ಫಲಕಗಳಾಗಿ ಒಡೆದಿರುವ ಅದು, ತನ್ನ ಕೆಳಗಿನ ಬಿಸಿಯಾದ ಮೆದು ಶಿಲಾಪದರದ ಮೇಲೆ ಸದಾ ಸರಿಯುತ್ತಿರುತ್ತದೆ. ಭಾರತದ ಫಲಕ ಒಂದು ಕಾಲಕ್ಕೆ ಆಫ್ರಿಕ, ಅಂಟಾರ್ಕ್ಟಿಕಗಳೊಡನೆ ಗೊಂಡ್ವಾನವೆಂಬ ಮಹಾಖಂಡದ ಭಾಗವಾಗಿತ್ತು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮದ ಅಂಚಿನಿಂದ ಬೇರ್ಪಟ್ಟಿತು. ಆ ಕಾಲದ ಲಾವಾ ತಣಿದು ನಿಂತ ಶಿಲಾಸ್ತಂಭಗಳನ್ನು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳಲ್ಲಿ ಇಂದಿಗೂ ಕಾಣಬಹುದು. ಹೀಗೆ ಹರಿದ ಭೂಖಂಡದ ಅಂಚು ಮೇಲೆದ್ದು, ಕೋಟ್ಯಂತರ ವರ್ಷಗಳ ಮಳೆಗೆ ಸವೆದು ಪಶ್ಚಿಮಘಟ್ಟವಾಯಿತೆಂಬುದು ಭೂವಿಜ್ಞಾನಿಗಳಲ್ಲಿ ಬಹುತೇಕರ ಅಭಿಪ್ರಾಯ. ಕಡಲಿನ ಕಡೆ ಕಡಿದಾದ ಇಳಿಜಾರು, ಮೂಡಣಕ್ಕೆ ಮೆಲ್ಲಗೆ ತಗ್ಗುವ ಪ್ರಸ್ಥಭೂಮಿ: ಘಟ್ಟದ ಈ ಆಕಾರವೇ ಆ ಒಡಕಿನ ಗುರುತು.

ಫಲಕದ ಪಯಣ ಮುಗಿದಿಲ್ಲ. ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಡಿಕ್ಕಿಯಾದ ಅದು ಇಂದಿಗೂ ವರ್ಷಕ್ಕೆ ಹೆಚ್ಚುಕಡಿಮೆ 5 ಸೆಂಟಿಮೀಟರ್‌ನಂತೆ ಈಶಾನ್ಯಕ್ಕೆ ಸರಿಯುತ್ತಿದೆ. ಈ ಒತ್ತಡವೆಲ್ಲ ಹಿಮಾಲಯದಲ್ಲೇ ಕರಗಿಹೋಗುವುದಿಲ್ಲ. ಫಲಕದ ಒಳನಾಡಿನ ಹಳೆಯ ಬಿರುಕುಗಳಲ್ಲಿಯೂ ಸಂಚಯವಾಗುತ್ತದೆ. ಗಟ್ಟಿ ನೆಲವೆಂದೇ ಹೆಸರಾಗಿದ್ದ ಲಾತೂರಿನ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆಲ ನಡುಗಿದಾಗ ಹತ್ತು ಸಾವಿರದಷ್ಟು ಜನ ಪ್ರಾಣ ಕಳೆದುಕೊಂಡರು. ಇದೇ ಘಟ್ಟಸಾಲಿನ ಕೊಯ್ನಾದಲ್ಲಿ 1967ರ ಡಿಸೆಂಬರ್ 11ರಂದು ಸಂಭವಿಸಿದ ಭೂಕಂಪ, ಜಲಾಶಯದ ಭಾರ ಮತ್ತು ಬಿರುಕಿಗಿಳಿದ ನೀರಿನ ಒತ್ತಡ ಹೇಗೆ ಭೂಕಂಪವನ್ನು ಪ್ರಚೋದಿಸಬಲ್ಲವು ಎಂಬುದಕ್ಕೆ ಜಗತ್ತಿನಾದ್ಯಂತ ಉದಾಹರಿಸಲ್ಪಡುವ ಪ್ರಕರಣವಾಗಿದೆ. ಎಲ್ಲ ಜಲಾಶಯಗಳೂ ನೆಲ ನಡುಗಿಸುವುದಿಲ್ಲ, ನಿಜ. ಆದರೆ ನಡುಗಿಸುವುದೇ ಇಲ್ಲವೆಂದು ಮೊದಲೇ ತೀರ್ಪು ಕೊಡುವ ಹಕ್ಕು ಯಾರಿಗೂ ಇಲ್ಲ.

ಇನ್ನೊಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು. 2018ರ ಕೊಡಗಿನ ಭೂಕುಸಿತಗಳಿಗೂ 2024ರ ಜುಲೈ 16ರ ಶಿರೂರಿನ ದುರಂತಕ್ಕೂ ಫಲಕಗಳ ಚಲನೆಯನ್ನು ಹೊಣೆ ಮಾಡಲಾಗದು. ಅವು ಬಿರುಮಳೆಯಲ್ಲಿ ಸಂಭವಿಸಿದವು. ಶಿಲೆ ಗಟ್ಟಿಯಿರಬಹುದು. ಆದರೆ ನಮ್ಮ ಮನೆ, ತೋಟ, ರಸ್ತೆಗಳು ನಿಂತಿರುವುದು ಬಹುಪಾಲು ಶಿಲೆಯ ಮೇಲಲ್ಲ, ಅದು ಶಿಥಿಲಗೊಂಡು ಉಂಟಾದ ಮಣ್ಣಿನ ಮೇಲೆ. ಮೇಲೆ ಜಂಬಿಟ್ಟಿಗೆ, ಅದರಡಿ ನೀರು ಕುಡಿದೊಡನೆ ಬಲ ಕಳೆದುಕೊಳ್ಳುವ ಶೇಡಿಮಣ್ಣು. ಇಂತಹ ಧರೆಯ ಬುಡವನ್ನು ರಸ್ತೆಗೆಂದು ನೆಟ್ಟಗೆ ಕಡಿದು, ಮೇಲಿನ ಮರಗಳನ್ನು ತೆಗೆದು, ನೀರು ಹರಿಯುವ ಹಾದಿಯನ್ನು ಮುಚ್ಚಿದರೆ, 300 ಕೋಟಿ ವರ್ಷದ ಶಿಲೆ ಯಾರನ್ನು ಕಾಪಾಡೀತು?

ಆದ್ದರಿಂದ ನಮ್ಮ ಆಗ್ರಹ ಅಭಿವೃದ್ಧಿಯೇ ಬೇಡವೆಂಬುದಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯು ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕೆನ್ನುತ್ತದೆ. ಸಾರಾಂಶ ಸಾಲದು. ಮಣ್ಣಿನ ಆಳ, ಶಿಲೆಯ ಬಿರುಕು, ಇಳಿಜಾರಿನ ಕೋನ, ಅಂತರ್ಜಲದ ಹಾದಿ ಇವುಗಳ ಪೂರ್ಣ ವಿವರ ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಬರಲಿ. ಜಲಾಶಯಗಳ ಸುತ್ತ ನಿರಂತರ ಕಂಪನಮಾಪನ ನಡೆಯಲಿ, ಅದರ ದಾಖಲೆ ಸಾರ್ವಜನಿಕರಿಗೆ ಸಿಗಲಿ. ಧರೆಯನ್ನು ನೆಟ್ಟಗೆ ಕಡಿಯುವ ಪದ್ಧತಿ ನಿಲ್ಲಲಿ. ಮುಂದಿನ ಅಹವಾಲು ಸಭೆಯಲ್ಲಿ ‘ಗಟ್ಟಿ ನೆಲ’ದ ಮಾತು ಬಂದಾಗ ನಾವೆಲ್ಲರೂ ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ಆಳದಲ್ಲಿ ಗಟ್ಟಿ, ಅಳೆದವರು ಯಾರು?

ಫಲಕಗಳ ಚಲನೆಯನ್ನು ತಡೆಯುವುದು ಯಾರಿಂದಲೂ ಆಗದ ಕೆಲಸ. ಧರೆಯ ಬುಡವನ್ನು ಕಡಿಯದಿರುವುದು ನಮ್ಮ ಕೈಯಲ್ಲೇ ಇದೆ.